ಮೊದಲ ಸಹಿ

ಸಾಗರ
24 ಅಕ್ಟೋಬರ್ 2025

ಅಣ್ಣಯ್ಯನಿಗೆ ಸುಬ್ಬಿಯ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೋ ದೇವರಿಗೇ ಗೊತ್ತು. ಹದಿನೈದು ದಿನದಿಂದ ನಿನ್ನ ಫೋನು ಸ್ವಿಚಾಫ್ ಅಂತಲೇ ಹೇಳುತ್ತಿದೆ. ದೀಪಾವಳಿಗೂ ನಿನ್ನ ದನಿ ಕೇಳಲಿಲ್ಲ. "ಚಾರ್ಜಿಗೆ ಹಾಕದು ಮರ್ತಿರ್ತಾರೆ ಬಿಡೆ, ದೇವ್ರಿಗೆ ಗಂಟೆ ಬಾರ್ಸದು ಮರೀದಿದ್ರೆ ಸಾಕು" ಅಂತ ಇವರು ನಗುತ್ತಾರೆ. ನನಗೆ ನಗು ಬರಲಿಲ್ಲ. ಶ್ಯಾಮಲತ್ತಿಗೆ ಹೋದ ಮೇಲೆ ಹೊನ್ನೆಗದ್ದೆಯ ಮನೆಯಲ್ಲಿ ನೀನೊಬ್ಬನೇ. ಅದಕ್ಕೇ ಹಳೇ ಕಾಲದ ಹಾಗೆ ಕಾಗದ ಬರೆಯಲು ಕುಳಿತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಮೊದಲು ಒಳ್ಳೆಯ ಸುದ್ದಿ. ನಿನ್ನ ಸೊಸೆ ವಿಭಾಗೆ ಮದುವೆ ಗೊತ್ತಾಯಿತು. ಹುಡುಗ ಹೊಸನಗರದವನು, ಚಿರಂತನ ಅಂತ, ಹೈಸ್ಕೂಲು ಮೇಷ್ಟ್ರು. ಮಾತು ಕಡಿಮೆ, ಊಟ ಚೆನ್ನಾಗಿ ಮಾಡುತ್ತಾನೆ. ಫೆಬ್ರವರಿ 22, ಭಾನುವಾರ, ಫಾಲ್ಗುಣ ಶುದ್ಧ ಪಂಚಮಿ. ಮುಹೂರ್ತ ನಿನ್ನನ್ನು ಕೇಳಿ ಇಡಬೇಕಿತ್ತು, ಫೋನೇ ಸಿಗದಿದ್ದರೆ ಏನು ಮಾಡಲಿ? ಅವರ ಕಡೆಯ ಪುರೋಹಿತರೇ ಇಟ್ಟರು. ಮದುವೆ ಯಾರೇ ಮಾಡಿಸಲಿ, ಸೋದರಮಾವ ನೀನೊಬ್ಬನೇ ತಾನೇ. ಅವಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ನೀನು. ಅಪ್ಪ, ಅಮ್ಮ ಇಬ್ಬರೂ ಇಲ್ಲದ ನನಗೆ ತವರು ಅಂದರೂ ನೀನೇ.

ಇನ್ನೊಂದು ಸಂಗತಿ. ಫೋನಿನಲ್ಲಿ ಹೇಳಲು ನಾಚಿಕೆ, ಕಾಗದವೇ ವಾಸಿ. ನಮ್ಮ ಓಣಿಯ ಶಾಲೆಯ ಮೇಧಾ ಟೀಚರು ಹೋದ ತಿಂಗಳು ತಾಯಂದಿರ ಜೊತೆ ನಮ್ಮ ಮಂಡಳಿಯವರನ್ನೂ ಕರೆಸಿದ್ದರು. ಐದನೇ ಕ್ಲಾಸಿನ ಮಕ್ಕಳು ಮನೆಯವರ ಫೋನಿನಲ್ಲಿ ನೋಡಬಾರದ್ದನ್ನು ನೋಡಿದ್ದಾರೆ. ಒಬ್ಬಳು ಪುಟ್ಟಿ ಹೆದರಿ ಮೂರು ದಿನ ಅನ್ನ ಬಿಟ್ಟಳಂತೆ. "ಅಲ್ಲಿ ವಯಸ್ಸು ಕೇಳ್ತಾರೆ ಅಮ್ಮ, ಹದಿನೆಂಟಾಯ್ತಾ ಅಂತ. ಹೌದು ಅಂತ ಒತ್ತಿದ್ರೆ ಆಯ್ತು, ಮುಂದೆ ಕೇಳೋರಿಲ್ಲ" ಅಂದರು ಟೀಚರು. ನಾನು ಎದ್ದು ನಿಂತು, "ಸಾರಾಯಿ ಅಂಗ್ಡಿಯವ್ನೂ ಮುಖ ನೋಡಿ ಕೊಡ್ತಾನಲ್ರೀ" ಅಂದೆ. ಬೇರೆ ದೇಶಗಳಲ್ಲಿ ಗುರುತಿನ ಚೀಟಿ ತೋರಿಸದೆ ಅವು ತೆರೆಯದ ಹಾಗೆ ಕಾಯ್ದೆ ಮಾಡಿದ್ದಾರಂತೆ. ನಮ್ಮಲ್ಲೂ ಆಗಲಿ ಅಂತ ನಮ್ಮ ಭಜನಾ ಮಂಡಳಿಯಿಂದ ತಹಶೀಲ್ದಾರರಿಗೆ ಮನವಿ ಕೊಡುತ್ತೇವೆ. ಕರಡು ಇದರೊಳಗಿದೆ. ಭಾಷೆ ತಿದ್ದಿ, ಮೊದಲ ಸಹಿ ನೀನು ಹಾಕಿ ಕಳಿಸು. ಅರ್ಚಕರ ಸಹಿ ಇದ್ದರೆ ಕಾಗದಕ್ಕೆ ಒಂದು ತೂಕ.

ನಿನ್ನ ತಂಗಿ
ಸುಬ್ಬಿ


ಹೊನ್ನೆಗದ್ದೆ, ತೀರ್ಥಹಳ್ಳಿ ತಾಲೂಕು
3 ನವೆಂಬರ್ 2025

ಚಿ. ಸೌ. ಸುಬ್ಬಿಗೆ ಅಣ್ಣನ ಆಶೀರ್ವಾದ.

ಕಾಗದ ತಲುಪಿತು. ಸ್ನಾನಕ್ಕೆ ಇಳಿದಾಗ ಫೋನು ಹೊಳೆಗೆ ಬಿತ್ತು. ಇನ್ನೊಂದು ತೆಗೆದುಕೊಡು ಅಂತ ವಿಭಾಗೆ ಹೇಳಬೇಡ. ಅದಿಲ್ಲದೆಯೂ ದಿನ ಹೋಗುತ್ತದೆ.

ವಿಭಾಳ ಸುದ್ದಿ ಓದಿ ಕಾಗದವನ್ನು ದೇವರ ಮುಂದಿಟ್ಟು ಒಂದು ಹೂವು ಏರಿಸಿದೆ. ಮೂರು ವರ್ಷದ ಹುಡುಗಿ ನನ್ನ ಹೆಗಲ ಮೇಲೆ ಕೂತು ಪ್ರದಕ್ಷಿಣೆ ಬಂದದ್ದು ನಿನ್ನೆ ಮೊನ್ನೆಯ ಹಾಗಿದೆ. ಮುಹೂರ್ತ ಚೆನ್ನಾಗಿದೆ, ಲಗ್ನಶುದ್ಧಿ ನೋಡಿದೆ. ನಾನು ಬರುವ ಮಾತು ಹತ್ತಿರ ಬಂದಾಗ ನೋಡೋಣ. ಇನ್ನೂ ದಿನ ಇದೆಯಲ್ಲ.

ಕರಡಿನಲ್ಲಿ ಎರಡು ಕಡೆ ಕಾಗುಣಿತ ತಿದ್ದಿದ್ದೇನೆ. ಸಹಿ ಹಾಕಿಲ್ಲ. ಆ ಪುಟ್ಟಿಯ ವಿಷಯ ಓದಿ ಸಂಕಟವಾಯಿತು. ಮಕ್ಕಳನ್ನು ಕಾಯಬೇಕು ಅನ್ನುವುದು ಸರಿ. ಒಂದೇ ಸಂಶಯ. ವಯಸ್ಸು ತೋರಿಸಲು ಆಧಾರ್ ಕೊಡಬೇಕು ಅಂತ ಬರೆದಿದ್ದೀರಿ. ಅದನ್ನು ತೆಗೆದುಕೊಳ್ಳುವವನು ಯಾರು? ತೆಗೆದುಕೊಂಡು ಎಲ್ಲಿಡುತ್ತಾನೆ? ಅಂಗಡಿಯವನು ಮುಖ ನೋಡಿದರೆ ಮರುದಿನಕ್ಕೆ ಮರೆಯುತ್ತಾನೆ. ಇವರು ಮರೆಯುತ್ತಾರೆಯೇ?

ನನಗೆ ತಿಳಿಯದ ವಿಷಯ, ಸುಮ್ಮನೆ ಕೇಳಿದೆ. ಸಹಿಗೆ ಬೇರೆ ಯಾರಾದರೂ ಹಿರಿಯರನ್ನು ಕೇಳು.

ಅಣ್ಣ
ಸುಂದರೇಶ


ಸಾಗರ
12 ನವೆಂಬರ್ 2025

ಅಣ್ಣಯ್ಯಾ,

ನಿನ್ನ ಅಕ್ಷರ ಕಂಡು ಜೀವ ಬಂತು. ಹೊಳೆಗೆ ಬಿದ್ದ ಫೋನಿಗೆ ಇವರು ಎಳ್ಳುನೀರು ಬಿಟ್ಟಿದ್ದಾರೆ.

ತಿಳಿಯದ ವಿಷಯ ಅಂತ ನೀನೇ ಬರೆದಿದ್ದೀಯ, ಅದು ನಿಜ. ನಿನ್ನಂಥವರಿಗೆ ಇದರ ಕೊಳಕು ಎಲ್ಲಿ ತಿಳಿಯಬೇಕು? ಶುಕ್ರವಾರ ಸಹಸ್ರನಾಮ ಮುಗಿದ ಮೇಲೆ ನಿನ್ನ ಸಂಶಯವನ್ನು ಮಂಡಳಿಯಲ್ಲಿ ಓದಿ ಹೇಳಿದೆ. ರಂಜನಾ ನಮ್ಮ ಅಧ್ಯಕ್ಷಿಣಿ, ಅವಳ ಬಾಯಿ ನಿನಗೆ ಗೊತ್ತಲ್ಲ. "ಕದ್ದು ನೋಡೋರಿಗೆ ತಾನೆ ಹೆಸ್ರು ಕೊಡಕ್ಕೆ ಹೆದ್ರಿಕೆ? ನಿಮ್ಮಣ್ಣ ಎಂತಕ್ಕೆ ಅವ್ರ ಪರವಾಗಿ ತಲೆ ಕೆಡ್ಸ್ಕಳ್ತಾರೆ?" ಅಂದಳು. ನಾನು ಬಿಡಲಿಲ್ಲ. "ಬರ್ಲಿ ಹೆಸ್ರೆಲ್ಲಾ, ದೇವಸ್ಥಾನದ ಬೋರ್ಡಿಗೆ ಅಂಟ್ಸಣ, ಸೇವಾಕರ್ತರ ಪಟ್ಟಿ ಹಾಕ್ತಾರಲ್ಲ ಹಂಗೆ" ಅಂದೆ. ನಕ್ಕೂ ನಕ್ಕೂ ಒಬ್ಬಳ ತಾಳ ಕೈಯಿಂದ ಜಾರಿ ಬಿತ್ತು.

ನಗು ಹಾಗಿರಲಿ. ಅಂಥದ್ದನ್ನು ನೋಡುವವರ ಕೈಯಿಂದ ತೀರ್ಥ ತೆಗೆದುಕೊಳ್ಳುವುದಕ್ಕಿಂತ ಬಾಯಾರಿ ಕೂರುವುದು ಮೇಲು ಅಣ್ಣಯ್ಯ. ನನ್ನ ಮಗಳ ಧಾರೆಯ ಹೊತ್ತಿಗೆ ಅಂಥವರ ನೆರಳೂ ಬೀಳದಿರಲಿ ಅಂತ ದಿನವೂ ದೇವಿಗೆ ಕೈ ಮುಗಿಯುತ್ತೇನೆ.

ನೀನು ಸಹಿ ಹಾಕದೆ ಕಳಿಸಿದ್ದು ಸಂಕೋಚಕ್ಕೆ ಅಂತ ನನಗೆ ಗೊತ್ತು. ನಮ್ಮ ಮನೆಯ ಯಾವ ಕೆಲಸಕ್ಕೂ ಮೊದಲ ಹೆಸರು ಹಿರಿಯಣ್ಣನದು. ಅಪ್ಪ ಇದ್ದಾಗಲೂ ಹಾಗೇ, ಲಗ್ನಪತ್ರಿಕೆಯಲ್ಲೂ ಹಾಗೇ. ಅದಕ್ಕೆ ಮನವಿಯ ಮೊದಲ ಸಾಲಿನಲ್ಲಿ ನಿನ್ನ ಹೆಸರು, ದೇವಸ್ಥಾನದ ಹೆಸರು ನಾನೇ ಬರೆದು ಸಹಿ ಮಾಡಿದೆ. ನಿನ್ನ ಸಹಿಯ ಕೊಕ್ಕೆ ಚಿಕ್ಕಂದಿನಿಂದ ನನಗೆ ಬರುತ್ತದೆ, ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಬದಲು ನೀನು ಹಾಕುತ್ತಿದ್ದೆಯಲ್ಲ. ನಿನ್ನ ಕೆಳಗೆ ನನ್ನದು. ಒಟ್ಟು ನೂರಾ ಹನ್ನೆರಡು ಹೆಂಗಸರು, ನೀನೊಬ್ಬ ಗಂಡಸು. 21ಕ್ಕೆ ಕೊಡುತ್ತೇವೆ.

ಸೋದರಮಾವನಿಗೆ ಕೊಡುವ ಪಂಚೆ ತಂದಿಟ್ಟಿದ್ದೇನೆ. ಕೆಂಪು ಅಂಚು.

ಸುಬ್ಬಿ


ಹೊನ್ನೆಗದ್ದೆ
19 ನವೆಂಬರ್ 2025

ಸುಬ್ಬಿ,

ನನ್ನ ಹೆಸರನ್ನು ಆ ಕಾಗದದಿಂದ ತೆಗೆಸು. ತಹಶೀಲ್ದಾರರಿಗೆ ಕೊಡುವ ಮೊದಲೇ ತೆಗೆಸಬೇಕು. ಕಾರಣ ಕೇಳಬೇಡ.

ವಿಭಾಗೆ ಒಳ್ಳೆಯದಾಗಲಿ.

ಅಣ್ಣ


ಸಾಗರ
1 ಡಿಸೆಂಬರ್ 2025

ಅಣ್ಣಯ್ಯನಿಗೆ,

ನಿನ್ನ ಕಾರ್ಡು ಬಂದದ್ದು 24ಕ್ಕೆ. ಮನವಿ ಕೊಟ್ಟಾಗಿತ್ತು. ಇಲ್ಲಿಯ ವಾರಪತ್ರಿಕೆಯಲ್ಲೂ ಬಂತು, ಮೊದಲ ಸಹಿ ನಿನ್ನದು ಅಂತ ದೇವಸ್ಥಾನದ ಹೆಸರಿನ ಸಮೇತ ಹಾಕಿದ್ದಾರೆ. ಕಟಿಂಗು ಇಟ್ಟಿದ್ದೇನೆ. ನಿನ್ನೂರಿನ ಒಂದಿಬ್ಬರಿಗೂ ವಾಟ್ಸಾಪಿನಲ್ಲಿ ಹೋಗಿದೆಯಂತೆ, ನೋಡಿ ಸಂತೋಷಪಟ್ಟಿರಬೇಕು.

ಅಮ್ಮ ಸತ್ತ ವರ್ಷವೂ ನೀನು ನನಗೆ ಇಷ್ಟು ಒಣ ಕಾಗದ ಬರೆದಿರಲಿಲ್ಲ. ಮೂರು ದಿನ ಯೋಚಿಸಿದೆ. ಆಮೇಲೆ ತಿಳಿಯಿತು. ಮುಹೂರ್ತ ನಿನ್ನನ್ನು ಕೇಳದೆ ಇಟ್ಟದ್ದಕ್ಕೆ ನಿನಗೆ ನೋವಾಗಿದೆ. ತೀರ್ಥಹಳ್ಳಿ ಕಡೆ ಅರ್ಧ ತಾಲೂಕಿಗೆ ಮುಹೂರ್ತ ಇಡುವವನು, ಸ್ವಂತ ಸೊಸೆಗೆ ಬೇರೆಯವರು ಇಟ್ಟರು. ತಪ್ಪು ನನ್ನದು, ಬಸ್ಸು ಹತ್ತಿ ಬಂದು ಕೇಳಬೇಕಿತ್ತು. ಸಿಟ್ಟು ನನ್ನ ಮೇಲಿರಲಿ, ವಿಭಾ ಮೇಲೆ ಬೇಡ. "ಮಾವನ ಕೈ ಹಿಡ್ಕಂಡ್ರೆ ಮಾತ್ರ ನಂಗೆ ಮಂಟಪ ಹತ್ತಕ್ಕೆ ಧೈರ್ಯ" ಅನ್ನುತ್ತಾಳೆ.

ಒಂದು ಸಾಲಾದರೂ ಬರೆ.

ಸುಬ್ಬಿ


ಸಾಗರ
28 ಡಿಸೆಂಬರ್ 2025

ಅಣ್ಣಯ್ಯಾ,

ನಿನ್ನಿಂದ ಉತ್ತರ ಬರಲಿಲ್ಲ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಭೂತಪ್ಪ ಸಿಕ್ಕಿದ, ನಿಮ್ಮೂರ ಮೇಲೆ ಹೋಗುವ ಬಸ್ಸಿನವನು. "ಭಟ್ರು ಪೂಜೆ ಬಿಟ್ಟು ತಿಂಗ್ಳ ಮೇಲಾಯ್ತಲ್ಲಮ್ಮ. ನಿಮ್ಗೆ ಗೊತ್ತಿಲ್ವಾ?" ಅಂದ. ಎಂತಕ್ಕೆ ಅಂತ ಕೇಳಿದೆ. ನನ್ನ ಮುಖ ಒಂದು ಸಲ ನೋಡಿ, ಇಲ್ಲದ ಚಿಲ್ಲರೆಯನ್ನು ಚೀಲದಲ್ಲಿ ಹುಡುಕಲು ಶುರುಮಾಡಿದ.

ನೀನು ಕಾಯಿಲೆ ಮುಚ್ಚಿಡುತ್ತಿದ್ದೀಯ. ಅತ್ತಿಗೆಯೂ ಹಾಗೇ ಮಾಡಿದಳು, ಗಂಟು ಕಂಡ ಆರು ತಿಂಗಳ ಮೇಲೆ ಬಾಯಿ ಬಿಟ್ಟಳು. ನನಗೆ ಇನ್ನೊಂದು ಸಲ ಅದನ್ನು ತಡೆಯಲು ಆಗುವುದಿಲ್ಲ. ಭಾನುವಾರ 4ನೇ ತಾರೀಕು ಮೊದಲ ಬಸ್ಸಿಗೆ ಬರುತ್ತೇನೆ. ರಿಪೋರ್ಟುಗಳಿದ್ದರೆ ತೆಗೆದಿಡು. ನಿನ್ನನ್ನು ಕರೆದುಕೊಂಡೇ ಬರುವುದು.

ಸುಬ್ಬಿ


ಹೊಸನಗರ ತಾಲೂಕು
8 ಜನವರಿ 2026

ಸುಬ್ಬಿ,

ನೀನು ಬರುವ ಎರಡು ದಿನ ಮೊದಲೇ ನಾನು ಮನೆ ಬಿಟ್ಟೆ. ಬೀಗದ ಮುಂದೆ ನೀನು ಎಷ್ಟು ಹೊತ್ತು ನಿಂತಿದ್ದೆಯೋ. ನನಗೆ ಕಾಯಿಲೆ ಇಲ್ಲ. ಮುಹೂರ್ತದ ಸಿಟ್ಟೂ ಇಲ್ಲ. ಫೋನು ಹೊಳೆಗೆ ಬಿದ್ದಿರಲಿಲ್ಲ, ಆರಿಸಿ ಅಕ್ಕಿಡಬ್ಬದಲ್ಲಿ ಹೂತಿಟ್ಟಿದ್ದೆ. ನಿನಗೆ ನಾನು ಹೇಳಿದ ಸುಳ್ಳು ಅದೊಂದೇ.

ನವರಾತ್ರಿ ಮುಗಿದ ಮಾರನೆಯ ವಾರ. ಮಧ್ಯಾಹ್ನ ಊಟವಾದ ಮೇಲೆ ಫೋನಿನಲ್ಲಿ ಪಂಚಾಂಗ ನೋಡುತ್ತಿದ್ದೆ. ಕೆಳಗೆ ಒಂದು ಜಾಹೀರಾತು ಬಂತು, ಹೆಂಗಸಿನ ಚಿತ್ರ. ಬೆರಳು ತಾನಾಗಿ ಹೋಯಿತು ಅಂತ ಬರೆದರೆ ಎರಡನೇ ಸುಳ್ಳಾಗುತ್ತದೆ. ನಾನೇ ಒತ್ತಿದೆ. ಶ್ಯಾಮಲಾ ಹೋಗಿ ಮೂರು ವರ್ಷ. ಮನೆಯೊಳಗೆ ಬಳೆಯ ಸದ್ದು ಕೇಳದೆ ಮೂರು ವರ್ಷ. ಇದು ನೆಪವಲ್ಲ, ಇದ್ದದ್ದನ್ನು ಬರೆದೆ.

ಅಲ್ಲಿ ಕನ್ನಡದಲ್ಲೇ ಇತ್ತು, ಹೊಸ ಕಾನೂನಿನ ಪ್ರಕಾರ ನಿಮ್ಮ ವಯಸ್ಸನ್ನು ದೃಢಪಡಿಸಿ ಅಂತ. ಬೇರೆ ದೇಶಗಳ ಸುದ್ದಿ ಪೇಪರಿನಲ್ಲಿ ಓದಿದ್ದೆನಲ್ಲ, ನಮ್ಮಲ್ಲೂ ಬಂದಿರಬೇಕು ಅಂದುಕೊಂಡೆ. ವಯಸ್ಸು ಕೇಳುತ್ತಾರೆಂದರೆ ಹೇಳುವವರು ಕೇಳುವವರು ಇರುವ ಜಾಗ ಅಂತ ಧೈರ್ಯವೂ ಬಂತು. ಆಧಾರ್ ಕಾರ್ಡಿನ ಎರಡೂ ಮಗ್ಗುಲಿನ ಫೋಟೋ ಹಿಡಿದೆ. ಮುಖ ತೋರಿಸಿ ಅಂದರು, ತೋರಿಸಿದೆ. ಉದ್ಯೋಗ ಕೇಳಿದರು, ಅರ್ಚಕ ಅಂತ ಬರೆದು ದೇವಸ್ಥಾನದ ಹೆಸರನ್ನೂ ಹಾಕಿದೆ. ನಲವತ್ತು ವರ್ಷ ಸಂಕಲ್ಪದಲ್ಲಿ ಹೆಸರು, ಗೋತ್ರ, ನಕ್ಷತ್ರ ಹೇಳಿಸಿ ಹೇಳಿಸಿ, ಕೇಳಿದ್ದಕ್ಕೆ ಪೂರ್ತಿ ಹೇಳಬೇಕು ಅನ್ನುವುದೇ ನನಗೆ ರೂಢಿ. ಬೇರೆಯವರು ಏನೋ ಒಂದು ಹೆಸರು ಗೀಚುತ್ತಾರಂತೆ. ನನಗೆ ಅದು ಹೊಳೆಯಲೇ ಇಲ್ಲ.

ಅಷ್ಟು ಕೊಟ್ಟ ಮೇಲೂ ಅಲ್ಲಿ ಏನೂ ತೆರೆಯಲಿಲ್ಲ. ನೋಡಲಿಲ್ಲ ಅಂತ ತಪ್ಪಿಸಿಕೊಳ್ಳುತ್ತಿಲ್ಲ, ನೋಡಬೇಕೆಂದೇ ಹೋದವನು ನಾನು. ಸಂಜೆ ಹೊತ್ತಿಗೆ ಕರೆ ಬಂತು. ಕಾನೂನೂ ಇಲ್ಲ, ಕಚೇರಿಯೂ ಇಲ್ಲ, ಕಳ್ಳರು. ಬಾಯಿಗೆ ಬಂದಂತೆ ಬೈದರು, ಊರಿಗೆಲ್ಲ ಕಳಿಸುತ್ತೇವೆ ಅಂದರು. ಕೇಳಿದಷ್ಟು ದುಡ್ಡು ಕೊಟ್ಟೆ. ಮತ್ತೆ ಕೇಳಿದಾಗ ಫೋನು ಆರಿಸಿದೆ.

ಪೂಜೆ ಬಿಡಲಿಲ್ಲ. ದೇವರೆದುರು ಹೇಳಿಕೊಂಡೆ, ಉಪವಾಸವಿದ್ದು ಜಪ ಮಾಡಿದೆ, ಅವನು ಒಪ್ಪಿಕೊಂಡ ಅಂತ ನಂಬಿದೆ. ಹೆಚ್ಚೂಕಡಿಮೆ ಒಂದು ಮಂಡಲ, ನಲವತ್ತು ದಿನ, ಬಂದವರಿಗೆಲ್ಲ ತೀರ್ಥ ಕೊಟ್ಟೆ. ಆಮೇಲೆ ನಿನ್ನ ಕಾಗದ ಬಂತು. ಅವತ್ತು ಮಂಗಳಾರತಿ ಆದ ಮೇಲೆ ತೀರ್ಥ ಕೊಡಲು ಹೋದವನು ಉದ್ಧರಣೆಯ ನೀರನ್ನು ಪಾತ್ರೆಗೇ ವಾಪಸು ಸುರಿದೆ. ಮುಂದೆ ಕೈಯೊಡ್ಡಿ ನಿಂತಿದ್ದ ಹೆಂಗಸು ನಿನ್ನ ವಯಸ್ಸಿನವಳು. ಮಾರನೇ ದಿನ ಬೇರೆಯವರನ್ನು ನೋಡಿಕೊಳ್ಳಿ ಅಂತ ಕಮಿಟಿಗೆ ಹೇಳಿದೆ.

ಡಿಸೆಂಬರಿನಲ್ಲಿ ಆ ಕಳ್ಳರು ನನ್ನ ಚೀಟಿ, ಮುಖ ಎರಡನ್ನೂ ಕಮಿಟಿಯವರ ಫೋನಿಗೆ ಕಳಿಸಿದರು. ಊರಿನ ಯಾರೋ ಅದರ ಪಕ್ಕ ನಿನ್ನ ಪೇಪರ್ ಕಟಿಂಗನ್ನು ಅಂಟಿಸಿದರು. ಮೊದಲ ಸಹಿ, ಸುಂದರೇಶ ಭಟ್ಟರು. ಜನ ನಗಲು ಅಷ್ಟು ಸಾಕಾಯಿತು. ಕಮಿಟಿಯ ಅಧ್ಯಕ್ಷರು ಒಳ್ಳೆಯವರು, ಮನೆಗೇ ಬಂದರು. "ಭಟ್ರೇ, ಈಗೆಲ್ಲ ಕಂಪ್ಯೂಟ್ರಲ್ಲಿ ಯಾರ್ ಮುಖ ಬೇಕಾದ್ರೂ ಅಂಟಿಸ್ತಾರೆ. ಸುಳ್ಳು ಅಂತ ಒಂದ್ ಮಾತು ಹೇಳಿ, ಉಳಿದಿದ್ದು ನಾ ನೋಡ್ಕಳ್ತೀನಿ" ಅಂದರು. ಸುಳ್ಳಲ್ಲ ಅಂದೆ. ಅವರು ಕಾಫಿ ಮುಟ್ಟದೆ ಎದ್ದುಹೋದರು.

ನಿನ್ನ ಮನವಿ ತಪ್ಪಲ್ಲ. ಆ ಪುಟ್ಟಿಗಾಗಿ ಬಾಗಿಲು ಹಾಕಲೇಬೇಕು. ಬಾಗಿಲಲ್ಲಿ ಕೂತು ಚೀಟಿ ಕೇಳುವವನ ಚೀಟಿಯನ್ನು ಯಾರು ನೋಡುತ್ತಾರೆ ಅಂತ ಒಂದು ಸಾಲು ಮಾತ್ರ ಸೇರಿಸಿ.

ಈಗ ಹೊಸನಗರ ದಾಟಿ ಒಂದು ಸಣ್ಣ ದೇವಸ್ಥಾನದ ಛತ್ರದಲ್ಲಿದ್ದೇನೆ. ಅಡುಗೆಯವರು ಊರಿಗೆ ಹೋಗಿದ್ದಾರೆ, ಅವರ ಬದಲಿಗೆ ಮಾಘ ಹುಣ್ಣಿಮೆಯವರೆಗೆ ನಾನು. ಗರ್ಭಗುಡಿಯ ಕಡೆ ಹೋಗುವುದಿಲ್ಲ. ವಿಳಾಸ ಹಿಂದೆ ಬರೆದಿದ್ದೇನೆ. ಅಂಥವರ ನೆರಳೂ ಬೇಡ ಅಂತ ನೀನು ಬರೆದಾಗ ಅದು ನಾನು ಅಂತ ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಗೊತ್ತಾದ ಮೇಲೂ ನಾನು ವಿಭಾಳ ಕೈ ಹಿಡಿಯಬಹುದು ಅಂತ ನಿನಗೆ ಅನಿಸಿದರೆ, ಒಂದು ಕಾರ್ಡಿನಲ್ಲಿ 'ಬಾ' ಅಂತ ಬರೆ. ಬೇರೇನೂ ಬರೆಯುವುದು ಬೇಡ. ಕಾರ್ಡು ಬಾರದಿದ್ದರೂ ನಿನ್ನ ಮೇಲೆ ಬೇಸರವಿಲ್ಲ. ಹುಣ್ಣಿಮೆಯ ಮಾರನೇ ದಿನ ಇಲ್ಲಿಂದ ಹೊರಡುತ್ತೇನೆ.

ಅಣ್ಣ


ಸಾಗರ
30 ಜನವರಿ 2026

ಅಣ್ಣಯ್ಯ, ಬಾ.

ಸುಬ್ಬಿ


ಸಾಗರ
26 ಫೆಬ್ರವರಿ 2026

ಅಣ್ಣಯ್ಯಾ,

ಕಾರ್ಡು ವಾಪಸ್ಸು ಬಂತು. ಪಡೆಯುವವರು ಹೊರಟುಹೋಗಿದ್ದಾರೆ ಅಂತ ಷರಾ ಹಾಕಿದ್ದಾರೆ. ಮದುವೆಯ ಹಿಂದಿನ ದಿನ, ಚಪ್ಪರಕ್ಕೆ ಮಾವಿನ ತೋರಣ ಕಟ್ಟುವಾಗ ಪೋಸ್ಟಿನವರು ತಂದು ಕೊಟ್ಟರು.

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಜನವರಿ 12ಕ್ಕೆ. ನಾನು ಕಾರ್ಡು ಬರೆದದ್ದು 30ಕ್ಕೆ. ನಡುವೆ ಹದಿನೆಂಟು ದಿನ. ಆ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ನಿನಗೆ ಹೇಳಬೇಕು. ನೀನು ಮುಚ್ಚಿಡದೆ ಬರೆದಿದ್ದೀಯ, ನಾನೂ ಹಾಗೇ ಬರೆಯುತ್ತೇನೆ.

ಮೊದಲ ದಿನ ಓದಿ ಸ್ನಾನ ಮಾಡಿದೆ. ಹೌದು ಅಣ್ಣಯ್ಯ, ಸೂತಕದ ಕಾಗದ ಓದಿದವಳ ಹಾಗೆ ತಲೆಗೆ ನೀರು ಹಾಕಿಕೊಂಡೆ. ಎರಡು ದಿನ ನಿನ್ನ ಮೇಲೆ ಹೇಸಿಗೆ. ಮೂರನೇ ದಿನದಿಂದ ನಿನ್ನ ಮೇಲೆ ಏನೂ ಉಳಿಯಲಿಲ್ಲ, ಅಳು ಒಂದು ಬಿಟ್ಟು. ಆದರೂ ಕಾರ್ಡು ಬರೆಯಲಿಲ್ಲ. ಹೆದರಿಕೆ. ನೀನಿದ್ದದ್ದು ಬೀಗರ ತಾಲೂಕಿನಲ್ಲಿ. ಅವರಿಗೆ ಗೊತ್ತಾದರೆ? ಮಂಟಪದಲ್ಲಿ ಯಾರಾದರೂ ಫೋನು ತೆಗೆದು ಆ ಫೋಟೋ ತೋರಿಸಿದರೆ? ಸಂಬಂಧ ಮುರಿದರೆ? ಕಾಗದವನ್ನು ಲಲಿತಾ ಸಹಸ್ರನಾಮದ ಪುಸ್ತಕದೊಳಗೆ ಇಟ್ಟುಕೊಂಡು ದಿನಾ ದೇವಿಯನ್ನು ಕೇಳಿದೆ. ಅವಳು ಏನು ಹೇಳುತ್ತಾಳೆ? ಹೇಳಬೇಕಾದವಳು ನಾನು.

29ಕ್ಕೆ ವಿಭಾ ಪುಸ್ತಕ ತೆರೆದಳು. ಓದಿ ಮುಗಿಸಿ ನನ್ನ ಮುಂದೆ ಬಂದು ನಿಂತಳು. "ಎಷ್ಟ್ ದಿನ ಆಯ್ತಮ್ಮ ಇದು ಬಂದು?" ಅಂದಳು. ನಾನು ಹಪ್ಪಳ ತಿರುವಿ ಹಾಕಿದೆ. "ಮಾವ ಅಲ್ಲಿ ಕಾಯ್ತಾ ಇದಾನೆ. ನೀನು ಇಲ್ಲಿ ಕೂತು ಹಪ್ಳ ಒಣಗಿಸ್ತಿದೀಯ" ಅಂದಳು. ಮಾರನೇ ದಿನ ಬರೆದೆ. ಶುಕ್ರವಾರದ ಟಪಾಲು ಹೋಗಿಯಾಗಿತ್ತು. ಶನಿವಾರ ಹೋಯಿತು, ಭಾನುವಾರ ಹುಣ್ಣಿಮೆ. ಬಸ್ಸಿನಲ್ಲಿ ಕೂತಿದ್ದರೆ ಮೂರು ಗಂಟೆಯ ದಾರಿ. ಕಾರ್ಡಿನಲ್ಲಿ ಬರೆ ಅಂತ ನೀನು ಹೇಳಿದ್ದಕ್ಕೆ ಕಾರ್ಡನ್ನೇ ಬರೆದೆ, ಬಸ್ಸು ಹತ್ತುವುದು ನನಗೆ ಹೊಳೆಯಲಿಲ್ಲ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

ಮದುವೆಯ ಮಾತು ಹೇಳುತ್ತೇನೆ. "ಸೋದರಮಾವ ಹುಡುಗಿನ್ನ ಕರ್ಕಂಡ್ ಬನ್ನಿ" ಅಂತ ಪುರೋಹಿತರು ಕರೆದರು. ಎರಡನೇ ಸಲ ಕರೆದರು. ಇವರ ದೊಡ್ಡಪ್ಪನ ಮಗ ಎದ್ದು ಪಂಚೆ ಸರಿಮಾಡಿಕೊಂಡರು, ಅವರಿಗೆ ಮೊದಲೇ ಹೇಳಿಟ್ಟಿದ್ದೆವು. ವಿಭಾ, "ಬೇಡ ದೊಡ್ಡಪ್ಪ, ನಾನೇ ಬರ್ತೀನಿ" ಅಂದಳು. ತಲೆ ತಗ್ಗಿಸಿ, ಬಲಗೈಯನ್ನು ಪಕ್ಕಕ್ಕೆ ಸ್ವಲ್ಪ ಚಾಚಿಕೊಂಡು, ಯಾರೋ ಹಿಡಿದಿದ್ದಾರೆ ಅನ್ನುವ ಹಾಗೆ ನಡೆದು ಬಂದಳು.

ಊಟದ ಹೊತ್ತಿಗೆ ನಾನು ತುಪ್ಪ ಬಡಿಸುತ್ತಿದ್ದೆ. ಚಿರಂತನನ ಅಪ್ಪ ಎಲೆಯ ಮುಂದಿನಿಂದ ಎದ್ದು ಕೈ ತೊಳೆದು, ನನ್ನನ್ನು ಕಂಬದ ಹತ್ತಿರ ಕರೆದರು. ಬಂತು ಅಂದುಕೊಂಡೆ.

"ನಿಮ್ಮಣ್ಣನ ಸಂಗ್ತಿ ನಮ್ಗೆ ಗೊತ್ತಿತ್ತು ಸುಬ್ಬಲಕ್ಷ್ಮಮ್ಮ" ಅಂದರು. "ನಮ್ ಭಾವಂಗೂ ಹಂಗೇ ಒಂದ್ ಫೋನು ಬಂದಿತ್ತು ಹೋದ ವರ್ಷ. ಹೆದ್ರಿ ಆಸ್ಪತ್ರೆಗೆ ಸೇರಿದ್ರು, ಆಮೇಲೆ ಸರಿಹೋಯ್ತು. ನಿಮ್ಮಣ್ಣ ಆ ಛತ್ರದಲ್ಲಿದ್ರಲ್ಲ, ನಾನು ಎರಡು ಸಲ ಅಲ್ಲೇ ಊಟ ಮಾಡಿದೀನಿ. ಅವ್ರಿಗೆ ನನ್ನ ಗುರ್ತು ಇರ್ಲಿಲ್ಲ. ದಿನಾ ಹನ್ನೊಂದ್ ಗಂಟೆಗೆ ಪೋಸ್ಟಿನೋರು ಬರೋ ಹೊತ್ತಿಗೆ ಕೈ ಒರೆಸ್ಕಂಡು ಜಗಲಿಗೆ ಬಂದ್ ನಿಲ್ತಿದ್ರಂತೆ. ನಮ್ ಕಾರಲ್ಲೇ ಕೂರಿಸ್ಕಂಡ್ ಬರಣ ಅಂತ ಮನೇಲಿ ಮಾತಾಡಿದ್ವಿ. ನೀವೇ ಕರೆದಿಲ್ಲ ಅಂದ್ಮೇಲೆ ನಾವ್ ಹೆಂಗೆ ಕರೆಯದು ಅಂತ ಸುಮ್ನಾದ್ವಿ."

ಅಷ್ಟು ಹೇಳಿ ಅವರು ಮಜ್ಜಿಗೆ ಕುಡಿಯಲು ಹೋದರು. ತುಪ್ಪದ ಪಾತ್ರೆ ನನ್ನ ಕೈಯಲ್ಲೇ ಇತ್ತು. ಮುಂದಿನ ಸಾಲಿನವರು ಅನ್ನ ಕಲಸಿಕೊಂಡು ಕಾಯುತ್ತಿದ್ದರು, ಬಡಿಸಿದೆ.

ಯಾರೂ ನಿನ್ನನ್ನು ಬೇಡ ಅಂದಿರಲಿಲ್ಲ ಅಣ್ಣಯ್ಯ. ಬೀಗರು ಅನ್ನಲಿಲ್ಲ, ವಿಭಾ ಅನ್ನಲಿಲ್ಲ, ಇವರೂ ಅನ್ನಲಿಲ್ಲ. ಇವರಿಗೆ ನಾನು ಹೇಳಿಯೇ ಇರಲಿಲ್ಲ, ಮೊನ್ನೆ ಹೇಳಿದಾಗ, "ಅಷ್ಟು ದಿನ ಒಬ್ಳೇ ಇಟ್ಕಂಡಿದ್ಯಾ?" ಅಂದು ಅಂಗಡಿಗೂ ಹೋಗದೆ ಕೂತರು. ತಡೆದವಳು ನಾನೊಬ್ಬಳೇ.

ಮಂಗಳವಾರ ಮಂಡಳಿಯಲ್ಲಿ ಎದ್ದು ನಿಂತು ಹೇಳಿದೆ. ಮೊದಲ ಸಹಿ ನಮ್ಮಣ್ಣಂದಲ್ಲ, ನಾನು ಹಾಕಿದ ಕಳ್ಳ ಸಹಿ, ನಮ್ಮಣ್ಣ ಕಳ್ಳರ ಕೈಗೆ ಸಿಕ್ಕವನು, ಮಕ್ಕಳಿಗೆ ಕಾಯ್ದೆ ಬೇಕೇ ಬೇಕು, ಆದರೆ ಚೀಟಿ ಕೇಳುವವನ ಮೇಲೂ ಕಾಯ್ದೆ ಬೇಕು ಅಂತ ಹೊಸ ಮನವಿ ಕೊಡೋಣ ಅಂದೆ. ರಂಜನಾ, "ಇಂಥಾದ್ನೆಲ್ಲ ದೇವ್ರ ಮುಂದೆ ಹೇಳ್ಬೇಕಾ?" ಅಂದಳು. ನಾಲ್ಕು ಜನ ಎದ್ದು ಹೋದರು. ಮೇಧಾ ಟೀಚರು ಕಾಗದ ತೆಗೆದು ಬರೆಯಲು ಕೂತರು. ಹೊಸದರಲ್ಲಿ ನಿನ್ನ ಹೆಸರು ಇಲ್ಲ.

ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಯಾವುದೋ ಕ್ಷೇತ್ರದ ಅಡುಗೆಮನೆಗೆ ಹೋಗುತ್ತೇನೆ ಅಂದಿದ್ದೆ ಅಂತ ಛತ್ರದವರು ಹೇಳಿದರು. ಇದೇ ಕಾಗದವನ್ನು ಶೃಂಗೇರಿಗೆ, ಹೊರನಾಡಿಗೆ, ಗೋಕರ್ಣಕ್ಕೆ ಬರೆದಿದ್ದೇನೆ. ಇವರ ಅಂಗಡಿಯಲ್ಲೇ ಜೆರಾಕ್ಸ್ ಮಿಷನ್ನಿದ್ದರೂ ಮೂರನ್ನೂ ಕೈಯಲ್ಲೇ ಬರೆದೆ. ಯಾರ ಮಿಷನ್ನಿನೊಳಗೂ ನಿನ್ನ ಹೆಸರು ಇನ್ನೊಂದು ಸಲ ಹೋಗುವುದು ಬೇಡ.

ನಿನ್ನನ್ನು ಬಾ ಅಂತ ಕರೆಯುವ ಬಾಯಿ ನನಗಿಲ್ಲ. ಇದು ಸಿಕ್ಕಿದರೆ ನೀನು ಒಂದು ಕಾರ್ಡು ಹಾಕು. 'ಬಾ' ಅಂತ ಬರೆದರೆ ಸಾಕು. ಅದು ಬಂದ ದಿನವೇ ನಾನು ಬಸ್ಸು ಹತ್ತುತ್ತೇನೆ.

ಸುಬ್ಬಿ